ಮಾಮನ ಕಂಪ್ಯೂಟರೂ ನಾನು ಕೈಬಿಟ್ಟ ಪೈಥಾನೂ

ಈ ವಾರ ನನ್ನ ಪಟ್ಟಿಯಲ್ಲಿರುವ ಒಂದು ಕೆಲಸ ನೋಡಲಿಕ್ಕೆ ಬಹಳ ಸಣ್ಣದು. ಒಂದು ಫೈಲಿನಲ್ಲಿ 3.9 ಅಂತ ಇರುವ ಜಾಗದಲ್ಲಿ 3.10 ಅಂತ ಮಾಡಬೇಕು, ಅಷ್ಟೇ. ಐದು ಸೆಕೆಂಡಿನ ಕೆಲಸ. ಆದರೆ ಮೂರು ದಿನದಿಂದ ಮುಟ್ಟಿಲ್ಲ. ಕಾರಣ ಹೇಳಿದರೆ ನಗಬೇಡಿ, ಊರಿಗೆ ಒಂದು ಫೋನ್ ಮಾಡುವುದು ಬಾಕಿ ಇದೆ.

ಊರು ಅಂದರೆ ಸಾಸ್ತಾನ. ಉಡುಪಿಯಿಂದ ಕುಂದಾಪುರಕ್ಕೆ ಹೈವೇಯಲ್ಲಿ ಹೋಗುವಾಗ ಬ್ರಹ್ಮಾವರ ದಾಟಿ, ಸಾಲಿಗ್ರಾಮ ಸಿಗುವ ಮೊದಲು ಟೋಲ್ ಗೇಟ್ ಬರುತ್ತದಲ್ಲ, ಅದೇ ಊರು. ಫೋನ್ ಮಾಡಬೇಕಾದ್ದು ಪ್ರೆಸ್ಸಿನ ಮಾಮನಿಗೆ. ಸ್ವಂತ ಮಾಮ ಅಲ್ಲ, ಅಪ್ಪಯ್ಯನ ದೋಸ್ತಿ. ಊರಿನ ಮದುವೆ ಕಾಗದ, ಮಂದಾರ್ತಿ ಮೇಳದ ಹರಕೆ ಆಟದ ಆಮಂತ್ರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಎಲ್ಲವೂ ಅವರ ಅಂಗಡಿಯಿಂದಲೇ ಹೊರಗೆ ಬರುವುದು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಹಂಚಿದ ಸಿಹಿಯ ಡಬ್ಬಿ ಮೇಲಿನ ಚೀಟಿಯೂ ಅಲ್ಲಿಯದೇ.

ಒಂದು ಪ್ರೋಗ್ರಾಮಿಂಗ್ ಭಾಷೆಯ ಹಳೇ ಆವೃತ್ತಿಗೂ ಸಾಸ್ತಾನದ ಪ್ರೆಸ್ಸಿಗೂ ಎಂತ ಸಂಬಂಧ ಅಂತ ನೀವು ಕೇಳಬಹುದು. ಹೋದ ವರ್ಷದ ತನಕ ನನಗೂ ಆ ಸಂಬಂಧ ಸರಿಯಾಗಿ ಗೊತ್ತಿರಲಿಲ್ಲ.

ಮಾಮನಿಗೆ ಬೇಕಾದ ಸಣ್ಣ ಟೂಲು

ಮಾಮನ ಅಂಗಡಿಯಲ್ಲಿ ಕೆಲಸ ನಡೆಯುವುದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಅಡೋಬಿಯವರು ಅದನ್ನು ನಿಲ್ಲಿಸಿ ಇನ್‌ಡಿಸೈನ್ ಕಡೆಗೆ ಹೋದರು. ಪೇಜ್‌ಮೇಕರಿಗೆ ಯುನಿಕೋಡ್ ಗೊತ್ತಿಲ್ಲ. ಹಾಗಾಗಿ ಅಲ್ಲಿ ಕನ್ನಡ ಬರೆಯಬೇಕಾದರೆ ನುಡಿಯ ಹಳೇ ಫಾಂಟ್ ಬೇಕು.

ಹಳೇ ಫಾಂಟು ಮಾಡುವ ಉಪಾಯ ಮಜವಾಗಿದೆ. ಇಂಗ್ಲಿಷ್ ಅಕ್ಷರಗಳಿಗೆ ಅಂತ ಇರುವ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಬಿಡುವುದು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳು, ತಲೆಮೇಲೆ ಗೀರು ಹೊತ್ತ ಎಂಥದೋ ಅಕ್ಷರಗಳು. ನುಡಿಯಲ್ಲಿ ‘ಕನ್ನಡ’ ಅಂತ ಬರೆದದ್ದರ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಬಂದು ಕೂತಿರುತ್ತದೆ. ಯಾಕೆಂದರೆ ‘ನ’ ಅಕ್ಷರಕ್ಕೆ ಸಿಕ್ಕಿದ್ದು ಪೌಂಡಿನ ಮನೆ.

ಈಗ ಗಿರಾಕಿಗಳು ಮ್ಯಾಟರ್ ಕಳಿಸುವುದು ವಾಟ್ಸಾಪಿನಲ್ಲಿ, ಅಂದರೆ ಯುನಿಕೋಡಿನಲ್ಲಿ. ಅದನ್ನು ಪೇಜ್‌ಮೇಕರಿಗೆ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಇತ್ತ ಮುದ್ರಣ ಆದ ಮೇಲೆ ಅದೇ ಮ್ಯಾಟರನ್ನು ದೇವಸ್ಥಾನದ ಫೇಸ್‌ಬುಕ್ ಪೇಜಿಗೆ ಹಾಕಬೇಕೆಂದರೆ ನುಡಿಯಿಂದ ಯುನಿಕೋಡಿಗೆ ತರಬೇಕು. ಮಾಮ ಎರಡೂ ಕಡೆ ಕೂತು ಹೊಸದಾಗಿ ಟೈಪ್ ಮಾಡುತ್ತಿದ್ದರು. ಒಮ್ಮೆ ರಜೆಯಲ್ಲಿ ಇದನ್ನು ನೋಡಿ, ಎರಡೂ ದಿಕ್ಕಿಗೆ ಬದಲಿಸುವ ಒಂದು ಸಣ್ಣ ಟೂಲು ಪೈಥಾನಿನಲ್ಲಿ ಬರೆದುಕೊಟ್ಟೆ.

ದೊಡ್ಡ ಸಾಧನೆ ಅಂತ ತಿಳಿಯಬೇಡಿ. ಅರವಿಂದ ವಿ.ಕೆ. ಅವರು ಇಂಥದ್ದೇ ಪರಿವರ್ತಕವನ್ನು ಮುಕ್ತ ತಂತ್ರಾಂಶವಾಗಿ ಬಹಳ ಹಿಂದೆಯೇ ಕೊಟ್ಟಿದ್ದಾರೆ. ನಾನು ಸೇರಿಸಿದ್ದು ಮಾಮನ ಅಂಗಡಿಗೆ ಬೇಕಾದ ನಾಲ್ಕು ಸೌಕರ್ಯ. ತಲೆನೋವು ಬಂದದ್ದು ಅರ್ಕಾವತ್ತಿನಲ್ಲಿ. ‘ಸೂರ್ಯ’ ಅಂತ ಬರೆದಾಗ ಕಣ್ಣಿಗೆ ಮೊದಲು ಕಾಣುವುದು ‘ಯ’, ಆಮೇಲೆ ಅರ್ಕ. ಹಳೇ ಫಾಂಟಿನಲ್ಲೂ ಅದೇ ಕ್ರಮ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು. ಹಾಗಾಗಿ ಪ್ರತಿ ಅರ್ಕವನ್ನೂ ಎತ್ತಿ ಹಿಂದಕ್ಕೆ ಕೂರಿಸಬೇಕು.

ಟೂಲನ್ನು ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರಕ್ಕೆ ಹಾಕಿದೆ. ಮಾಮನ ಡೆಸ್ಕ್‌ಟಾಪಿನಲ್ಲಿ ಒಂದು ಐಕಾನ್ ಮಾಡಿಕೊಟ್ಟೆ. ಅದನ್ನು ಡಬಲ್ ಕ್ಲಿಕ್ ಮಾಡಿದರೆ ಮೊದಲು ಹೊಸ ಆವೃತ್ತಿ ಬಂದಿದೆಯಾ ನೋಡಿ ತಾನೇ ಹಾಕಿಕೊಳ್ಳುತ್ತದೆ, ಆಮೇಲೆ ಓಡುತ್ತದೆ. ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಬೆಂಗಳೂರಿನಲ್ಲಿ ಕೂತು ತಪ್ಪು ತಿದ್ದಿದರೆ ಸಾಸ್ತಾನದಲ್ಲಿ ಸರಿಯಾಗುತ್ತದೆ ಅಂತ. ತಪ್ಪು ಮಾಡಿದರೂ ಅದೇ ದಾರಿಯಲ್ಲಿ ಹೋಗಿ ಮುಟ್ಟುತ್ತದೆ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ.

ಹನ್ನೊಂದು ಮಿಸ್ಡ್ ಕಾಲ್

ಪೈಥಾನಿಗೆ ಈಗ ಒಂದು ಪಂಚಾಂಗ ಇದೆ. ಪ್ರತಿ ಅಕ್ಟೋಬರಿನಲ್ಲಿ ಒಂದು ಹೊಸ ಆವೃತ್ತಿ ಬರುತ್ತದೆ. ಪ್ರತಿಯೊಂದಕ್ಕೂ ಸುಮಾರು ಐದು ವರ್ಷ ಆಯುಷ್ಯ. ಮೊದಲು ತಪ್ಪು ತಿದ್ದುತ್ತಾರೆ, ಆಮೇಲೆ ಬರೀ ಭದ್ರತೆಯ ತೇಪೆ ಹಾಕುತ್ತಾರೆ, ಐದು ವರ್ಷ ತುಂಬಿದ ಮೇಲೆ ಅದೂ ಇಲ್ಲ. 3.8 ಬಂದದ್ದು ಅಕ್ಟೋಬರ್ 2019ರಲ್ಲಿ, ಮುಗಿದದ್ದು ಅಕ್ಟೋಬರ್ 2024ರಲ್ಲಿ.

ಮುಗಿದ ಮೇಲೆ ನಮ್ಮಂಥವರು ಅದಕ್ಕೆ ಬೆಂಬಲ ನಿಲ್ಲಿಸುತ್ತೇವೆ. ಸೋಮಾರಿತನ ಅಂತ ಅನ್ನಿಸಬಹುದು, ಕಾರಣ ಇದೆ. ಬೆಂಬಲ ಕೊಡುತ್ತೇನೆ ಅಂದರೆ ಪ್ರತಿ ಸಲ ಒಂದು ಸಾಲು ಬದಲಿಸಿದಾಗಲೂ ಆ ಆವೃತ್ತಿಯಲ್ಲೂ ಓಡಿಸಿ ನೋಡಬೇಕು. ನಾವು ಅವಲಂಬಿಸಿದ ಬೇರೆ ಲೈಬ್ರರಿಗಳು ಆಗಲೇ ಅದನ್ನು ಬಿಟ್ಟಿರುತ್ತವೆ. ಭಾಷೆಗೆ ಸೇರಿದ ಹೊಸ ಸೌಕರ್ಯ ಒಂದನ್ನೂ ಬಳಸುವ ಹಾಗಿಲ್ಲ. ವಿಜ್ಞಾನ ಕ್ಷೇತ್ರದ ಪೈಥಾನ್ ಯೋಜನೆಗಳಂತೂ ಐದು ವರ್ಷವೂ ಕಾಯುವುದಿಲ್ಲ, ಒಂದು ಆವೃತ್ತಿ ಬಂದು ಮೂರು ವರ್ಷಕ್ಕೆ ಬಿಡಿ ಅಂತ ತಮ್ಮೊಳಗೆ ಒಪ್ಪಂದ ಮಾಡಿಕೊಂಡಿವೆ. ನನ್ನಂಥ ಭಾನುವಾರದ ಪ್ರೋಗ್ರಾಮರಿಗೆ ಆರು ಆವೃತ್ತಿ ಸಾಕುವುದು ಕಷ್ಟದ ಕೆಲಸವೇ.

ಹೋದ ವರ್ಷ ಡಿಸೆಂಬರಿನ ಒಂದು ಭಾನುವಾರ ಕೂತು 3.8 ಕೈಬಿಟ್ಟೆ. ಕೋಡೆಲ್ಲ ಚೊಕ್ಕ ಮಾಡಿದೆ. 3.9ರಿಂದ ಪಟ್ಟಿಯ ವಿಧವನ್ನು ಬರೆಯುವ ರೀತಿ ಸರಳವಾಗಿದೆ, ಲಿಸ್ಟ್ ಅಂತ ಸಣ್ಣ ಅಕ್ಷರದಲ್ಲಿ ಬರೆದು ಚೌಕ ಕಂಸದಲ್ಲಿ ಅದರೊಳಗೆ ಎಂತ ಇದೆ ಅಂತ ಹೇಳಿದರೆ ಸಾಕು. 3.8ರಲ್ಲಿ ಹೀಗೆ ಬರೆದರೆ ಪ್ರೋಗ್ರಾಮ್ ಶುರುವಾಗುವ ಮೊದಲೇ ಬಿದ್ದುಹೋಗುತ್ತದೆ. 2.0 ಅಂತ ಹೆಸರಿಟ್ಟು, ಭಂಡಾರಕ್ಕೆ ಹಾಕಿ, ಚಾ ಕುಡಿದು ಮಲಗಿದೆ.

ಮಾಮನ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ 7. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ 3.8. ಮುಂದಿನದಕ್ಕೆ ವಿಂಡೋಸ್ 8.1 ಆದರೂ ಬೇಕು.

ಎರಡು ದಿನ ಬಿಟ್ಟು ರಾತ್ರಿ ಒಂಬತ್ತು ಗಂಟೆಗೆ ಮೀಟಿಂಗ್ ಮುಗಿಸಿ ಫೋನ್ ನೋಡಿದರೆ ಮಾಮನ ಹನ್ನೊಂದು ಮಿಸ್ಡ್ ಕಾಲ್. ಯಾರಿಗೋ ಎಂಥದೋ ಆಗಿದೆ ಅಂತ ಎದೆ ಧಸಕ್ ಅಂತು.

“ಹೋಯ್ ಮಾಣಿ, ನಿನ್ ಕಪ್ಪು ಕಿಟಕಿ ಬತ್ತ್, ಹೋತ್ತ್. ಎಂತದೂ ಆತಿಲ್ಲೆ ಮಾರಾಯ. ನಾನ್ ಎಂತದೂ ಮುಟ್ಲಿಲ್ಲೆ.”

ಹೌದು, ಮಾಮ ಎಂತದೂ ಮುಟ್ಟಿರಲಿಲ್ಲ. ಮುಟ್ಟಿದ್ದು ನಾನು.

ಊರಿನ ಒಬ್ಬರು ಹಳೇ ಮೇಷ್ಟ್ರು ತೀರಿಹೋಗಿದ್ದರು. ಸಮಾರಾಧನೆಯ ದಿನ ಹಂಚಲಿಕ್ಕೆ ಅವರ ಶಿಷ್ಯರೂ ಸಂಬಂಧಿಕರೂ ಬರೆದ ನೆನಪುಗಳ ಒಂದು ಪುಸ್ತಕ ಮಾಡುವ ಯೋಚನೆ. ನಲವತ್ತು ಪುಟ. ಬೆಂಗಳೂರು, ಮುಂಬೈ, ದುಬೈ, ಎಲ್ಲ ಕಡೆಯಿಂದ ವಾಟ್ಸಾಪಿನಲ್ಲಿ ಬಂದ ಬರಹ. ಮರುದಿನ ಬೆಳಿಗ್ಗೆ ಪ್ಲೇಟಿಗೆ ಹೋಗಬೇಕು. ಸಮಾರಾಧನೆಯ ದಿನವನ್ನು ಯಾರೂ ಮುಂದೂಡುವ ಹಾಗಿಲ್ಲ.

ಸಂಜೆ ಐದರಿಂದ ಮಾಮ ಕೈಯಲ್ಲೇ ಟೈಪ್ ಮಾಡುತ್ತಾ ಕೂತಿದ್ದರು. ಹದಿನಾಲ್ಕು ಪುಟ ಆಗಿತ್ತು. ಅವರಿಗೆ ಅರವತ್ತು ದಾಟಿದೆ.

ಫೋನಿನಲ್ಲೇ ಹಳೇ 1.4 ಆವೃತ್ತಿ ಹಾಕಿಸಿದೆ. ಒಂದು ಸಾಲಿನ ಆದೇಶ, ಹೇಳಿ ಮುಗಿಸಲಿಕ್ಕೆ ಹದಿನೈದು ನಿಮಿಷ.

“ಮಾಮ, ಒಂದು ಮೈನಸ್ ಹಾಕಿ, ಆಮೇಲೆ ಎಂ.”

“ಮೈನಸ್ ಎಂತಕೆ, ಕಳೂ ಲೆಕ್ಕವಾ?”

“ಅಲ್ಲ ಮಾಮ, ಸುಮ್ನೆ ಹಾಕಿ. ಕೊನೆಗೆ ಈಕ್ವಲ್ ಎರಡು ಸಲ.”

“ಎರಡ್ ಸಲವಾ? ಒಂದ್ ಸಾಕಾತಿಲ್ಯಾ?”

ಸಾಕಾಗುವುದಿಲ್ಲ. ಕೊನೆಗೂ ಓಡಿತು. ಉಳಿದ ಇಪ್ಪತ್ತಾರು ಪುಟ ಎರಡು ನಿಮಿಷದಲ್ಲಿ ನುಡಿಗೆ ಬಂತು. ನಾನು ಉಸಿರು ಬಿಟ್ಟೆ.

ನಾಲ್ಕು ದಿನದ ಮೇಲೆ ಗೊತ್ತಾಯಿತು. ಕೈಯಲ್ಲಿ ಟೈಪ್ ಮಾಡಿದ್ದು ಎಲ್ಲಿಗೆ ಮುಗಿಯಿತು, ಟೂಲು ಬದಲಿಸಿದ್ದು ಎಲ್ಲಿಂದ ಶುರುವಾಯಿತು, ಆ ಗಡಿಯಲ್ಲಿ ಒಂದು ಬರಹ ಬಿಟ್ಟುಹೋಗಿತ್ತು. ಮುಂಬೈಯಲ್ಲಿರುವ ಮೇಷ್ಟ್ರ ತಂಗಿ ಕಳಿಸಿದ್ದ ಎಂಟು ಸಾಲು. ಎಂಬತ್ತರ ಹತ್ತಿರದ ಅಜ್ಜಿ, ಮೊಮ್ಮಗಳ ಹತ್ತಿರ ಹೇಳಿ ಬರೆಸಿದ್ದು. ಸಮಾರಾಧನೆಗೆ ಅಂತಲೇ ಬಸ್ಸಿನಲ್ಲಿ ಬಂದಿದ್ದರಂತೆ. ಪುಸ್ತಕ ಕೈಗೆ ಸಿಕ್ಕಿದ ಕೂಡಲೇ ಹುಡುಕಿದ್ದು ತಮ್ಮ ಹೆಸರನ್ನೇ.

ಮಾಮ ಆ ಎಂಟು ಸಾಲನ್ನು ಬೇರೆ ಚೀಟಿಯಲ್ಲಿ ಹೊಡೆಸಿ, ಉಳಿದಿದ್ದ ಪುಸ್ತಕಗಳ ಒಳಗೆ ಒಂದೊಂದಾಗಿ ಇಟ್ಟರು. ಅಜ್ಜಿಗೆ ಇಪ್ಪತ್ತು ಪ್ರತಿ ಮುಂಬೈಗೆ ಕಳಿಸಿದರು. ಕಾಸು ತೆಗೆದುಕೊಳ್ಳಲಿಲ್ಲ. ನನಗೆ ಬೈಯಲೂ ಇಲ್ಲ. “ನಂಗೊಂದ್ ಮಾತ್ ಹೇಳುದಲ್ದಾ ಮಾಣಿ?” ಅಂದರು, ಅಷ್ಟೇ.

ಒಂದು ಸಾಲು ಇದ್ದಿದ್ದರೆ

ಆ ರಾತ್ರಿ ಕೂತು ನನ್ನ ತಪ್ಪು ಯಾವುದು ಅಂತ ಹುಡುಕಿದೆ. 3.8 ಕೈಬಿಟ್ಟದ್ದು ತಪ್ಪಾಗಿರಲಿಲ್ಲ. ಬಿಟ್ಟಿದ್ದೇನೆ ಅಂತ ಎಲ್ಲೂ ಬರೆಯದೇ ಇದ್ದದ್ದು ತಪ್ಪು.

ಪೈಥಾನ್ ಪ್ಯಾಕೇಜಿನ ವಿವರದ ಫೈಲಿನಲ್ಲಿ ‘ರಿಕ್ವೈರ್ಸ್ ಪೈಥಾನ್’ ಅಂತ ಒಂದು ಸಾಲು ಬರೆಯಬಹುದು. ಇದಕ್ಕೆ ಕನಿಷ್ಠ ಇಂಥ ಆವೃತ್ತಿ ಬೇಕು ಅಂತ ಅದರ ಅರ್ಥ. ಆ ಸಾಲು ಇದ್ದರೆ, ಪ್ಯಾಕೇಜು ತಂದು ಹಾಕುವ ಪಿಪ್ ಎಂಬ ಸಾಧನ ಮೊದಲು ಅದನ್ನು ಓದುತ್ತದೆ. ಮಾಮನ ಕಂಪ್ಯೂಟರಿನಲ್ಲಿ 3.8 ಇದೆ ಅಂತ ಗೊತ್ತಾದರೆ 2.0ನ್ನು ಮುಟ್ಟದೆ, 3.8ಕ್ಕೆ ಆಗುವ ಕೊನೆಯ ಆವೃತ್ತಿ ಯಾವುದೋ ಅದರಲ್ಲೇ ನಿಲ್ಲುತ್ತದೆ. ಕಪ್ಪು ಕಿಟಕಿ ಬಂದು ಎಂದಿನ ಹಾಗೆ ಕೆಲಸ ಮಾಡುತ್ತಿತ್ತು. ಮಾಮನಿಗೆ ನನ್ನ ಭಾನುವಾರದ ಸಾಹಸದ ಸುದ್ದಿಯೇ ತಿಳಿಯುತ್ತಿರಲಿಲ್ಲ.

ಈ ಸೌಕರ್ಯವನ್ನು ಯಾರೋ ಇಂಥದ್ದೇ ಪೆಟ್ಟು ತಪ್ಪಿಸಲಿಕ್ಕೆ ಅಂತಲೇ ಕೂತು ಕಟ್ಟಿದ್ದು. 2017ರಲ್ಲಿ ಐಪೈಥಾನ್ ತಂಡ ತಮ್ಮ 6.0 ಆವೃತ್ತಿಯಲ್ಲಿ ಪೈಥಾನ್ 2 ಕೈಬಿಡುವ ಮೊದಲು, ಹಳೇ ಪೈಥಾನ್ ಇದ್ದವರಿಗೆ ಹಳೇ ಐಪೈಥಾನೇ ಸಿಗುವ ಹಾಗೆ ಪಿಪ್‌ನಲ್ಲಿ ಈ ದಾರಿ ಸರಿಯಾಗುವುದಕ್ಕೆ ಕೆಲಸ ಮಾಡಿತ್ತು. ಎಂಟು ವರ್ಷದಿಂದ ಸಿದ್ಧವಿದ್ದ ದಾರಿ. ನನ್ನ ಫೈಲಿನಲ್ಲಿ ಆ ಸಾಲು ಮೊದಲ ದಿನದಿಂದಲೂ ಇರಲೇ ಇಲ್ಲ. ಈ ಲೇಖನದ ಶುರುವಿನಲ್ಲಿ 3.9, 3.10 ಅಂದೆನಲ್ಲ, ಆ ಸಂಖ್ಯೆ ಇರುವುದು ಈಗ ಅದೇ ಸಾಲಿನಲ್ಲಿ.

‘ಇತ್ತ್’ ಅಂದರೆ ಇದೆ

ನಮ್ಮ ಪೀಳಿಗೆಯ ಪ್ರೋಗ್ರಾಮರುಗಳಿಗೆ ಕೈಬಿಡುವುದು ಅಂದ ಕೂಡಲೇ ನೆನಪಾಗುವುದು ಪೈಥಾನ್ 2. ನಾನು ಇಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ಇದ್ದದ್ದು 2.7. ಕೆಲಸಕ್ಕೆ ಸೇರಿದಾಗ ಅರ್ಧ ಕೋಡು 2ರಲ್ಲಿ, ಅರ್ಧ 3ರಲ್ಲಿ.

ಪೈಥಾನ್ 3.0 ಬಂದದ್ದು ಡಿಸೆಂಬರ್ 2008ರಲ್ಲಿ. ಹಳೇದರ ಜೊತೆ ಹೊಂದಿಕೊಳ್ಳುವುದಿಲ್ಲ ಅಂತ ಹೇಳಿಯೇ ತಂದರು. ಹಾಗಿದ್ದರೂ ಜನ ಹಳೇದನ್ನು ಬಿಡಲಿಲ್ಲ. 2.7 ಬಂದದ್ದೇ ಅದಾದ ಮೇಲೆ, 2010ರಲ್ಲಿ. 2015ಕ್ಕೆ ಅದನ್ನು ಮುಗಿಸುವುದು ಅಂತ ಇತ್ತು, 2014ರಲ್ಲಿ ಗಡುವನ್ನು 2020ಕ್ಕೆ ದೂಡಿದರು. ಜನವರಿ 1, 2020ಕ್ಕೆ ಬಾಗಿಲು ಹಾಕಿ, ಏಪ್ರಿಲಿನಲ್ಲಿ 2.7.18 ಅಂತ ಕೊನೆಯ ಬಿಡುಗಡೆ ಮಾಡಿದರು. ಅದೇ ಜನವರಿಯ 14ಕ್ಕೆ ವಿಂಡೋಸ್ 7ರ ಬೆಂಬಲವೂ ಮುಗಿಯಿತು. ಮಾಮನ ಅಂಗಡಿಯಲ್ಲಿ ಯಾರೂ ಅದನ್ನು ಗಮನಿಸಿದ ಹಾಗಿಲ್ಲ.

ಯಾಕೆ ಅಷ್ಟು ಕಷ್ಟ ಆಯಿತು? ನಮ್ಮ ಊರಿನ ಮಾತಿನಲ್ಲೇ ಹೇಳಬಹುದು. ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಅಂದರೆ ಈಗ ಇದೆ ಅಂತ. ಬೆಂಗಳೂರಿಗೆ ಬಂದ ಹೊಸತರಲ್ಲಿ ರೂಮ್‌ಮೇಟ್ ಹಾಲು ಇದೆಯಾ ಅಂತ ಕೇಳಿದ. “ಹಾಲ್ ಇತ್ತ್” ಅಂದೆ. ಇತ್ತು, ಈಗ ಇಲ್ಲ ಅಂತ ತಿಳಿದು ಅವನು ಪಾಪ ಮಳೆಯಲ್ಲಿ ಹೋಗಿ ಅರ್ಧ ಲೀಟರ್ ತಂದ. ಗೊತ್ತಿಲ್ಲದ ಶಬ್ದ ಆಗಿದ್ದರೆ ಎಂತದು ಅಂತ ಕೇಳುತ್ತಿದ್ದ. ಗೊತ್ತಿದ್ದ ಶಬ್ದಕ್ಕೆ ಬೇರೆ ಅರ್ಥ ಇದ್ದದ್ದರಿಂದ ಕೇಳಲೇ ಇಲ್ಲ.

ಪೈಥಾನ್ 2ರಿಂದ 3ಕ್ಕೆ ಬರುವಾಗಲೂ ಹಾಗೇ. ಪ್ರಿಂಟ್ ಅಂತ ಬರೆಯುವ ರೀತಿ ಬದಲಾಗಿತ್ತು, ಅದು ಕೂಡಲೇ ಎರರ್ ಕೊಡುತ್ತದೆ, ಸರಿಮಾಡಬಹುದು. ಆದರೆ 7ನ್ನು 2ರಿಂದ ಭಾಗಿಸಿದರೆ ಹಳೇದರಲ್ಲಿ 3, ಹೊಸದರಲ್ಲಿ 3.5. ಎರಡೂ ಕಡೆ ಎರರ್ ಇಲ್ಲ. ಲೆಕ್ಕ ಮಾತ್ರ ಬೇರೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅಕ್ಷರಗಳದ್ದು, ಮತ್ತು ಅದರಲ್ಲಿ ಕನ್ನಡಿಗರಿಗೆ ಲಾಭವೇ ಹೆಚ್ಚು. ‘ಸಾಸ್ತಾನ’ ಎಂಬ ಹೆಸರಿನ ಉದ್ದ ಎಷ್ಟು ಅಂತ ಕೇಳಿ. ಯುಟಿಎಫ್-8ರಲ್ಲಿ ಬರೆದ ಫೈಲಿನಲ್ಲಿ ಪೈಥಾನ್ 2ನ್ನು ಕೇಳಿದರೆ 21 ಅನ್ನುತ್ತದೆ. ಅದು ಎಣಿಸಿದ್ದು ಬೈಟುಗಳನ್ನು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಪೈಥಾನ್ 3 ಹೇಳುವುದು 7. ಸ, ದೀರ್ಘ, ಸ, ವಿರಾಮ, ತ, ದೀರ್ಘ, ನ. ಒಂದನೇ ಕ್ಲಾಸಿನ ಮಗುವನ್ನು ಕೇಳಿದರೆ ಸಾ, ಸ್ತಾ, ನ ಅಂತ ಬೆರಳು ಮಡಚಿ 3 ಅನ್ನುತ್ತದೆ. ಮಗುವಿನ ಮಟ್ಟಕ್ಕೆ ಪೈಥಾನ್ ಇನ್ನೂ ಬಂದಿಲ್ಲ, ಆದರೂ 21ರಿಂದ 7ಕ್ಕೆ ಇಳಿದದ್ದು ದೊಡ್ಡ ದೂರ.

ಹಳೇ ಪೈಥಾನಿನಲ್ಲಿ ಕನ್ನಡದ ಕೆಲಸ ಮಾಡಿದವರಿಗೆ ಒಂದು ಎರರ್ ಬಾಯಿಪಾಠ ಇರುತ್ತದೆ, ಇ-ಸೊನ್ನೆ ಎಂಬ ಬೈಟ್ ಅರ್ಥ ಆಗಲಿಲ್ಲ ಅಂತ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರವೂ ಶುರುವಾಗುವುದು ಆ ಬೈಟಿನಿಂದಲೇ. ಅಂದರೆ ಕನ್ನಡ ಕಂಡಲ್ಲೆಲ್ಲ ಮುಗ್ಗರಿಸುವ ಸಾಧ್ಯತೆ. ಮಾಮನ ಟೂಲನ್ನು ಪೈಥಾನ್ 2ರಲ್ಲಿ ಬರೆಯಬೇಕಾಗಿದ್ದರೆ ನಾನು ಅರ್ಧದಲ್ಲೇ ಬಿಟ್ಟು ಎದ್ದು ಬರುತ್ತಿದ್ದೆ.

ಬಿಟ್ಟವರು, ಬಿಡದವರು

ಇದರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಇನ್‌ಸ್ಟಾಗ್ರಾಮಿನವರು 2017ರ ಹೊತ್ತಿಗೆ ತಮ್ಮ ಇಡೀ ಸರ್ವರ್ ಕೋಡನ್ನು ಪೈಥಾನ್ 3ಕ್ಕೆ ತಂದಿದ್ದರು, ಅದೂ ಆ್ಯಪ್ ಒಂದು ದಿನ ನಿಲ್ಲದ ಹಾಗೆ. ಜ್ಯಾಂಗೋ ತಂಡದವರು ಡಿಸೆಂಬರ್ 2017ರ 2.0 ಆವೃತ್ತಿಯಿಂದ ಪೈಥಾನ್ 2 ಕೈಬಿಟ್ಟರು, ಆದರೆ ಹಿಂದಿನ 1.11ನ್ನು ಏಪ್ರಿಲ್ 2020ರ ತನಕ ನೋಡಿಕೊಂಡರು. ಹೊಸತು ಬೇಕಾದವರು ಈಚೆ ಬನ್ನಿ, ಬರಲಿಕ್ಕೆ ಆಗದವರಿಗೆ ಅಲ್ಲೂ ಬಾಗಿಲು ತೆರೆದಿದೆ ಅನ್ನುವ ಹಾಗೆ.

ಇ-ಪುಸ್ತಕ ಓದುವವರಿಗೆ ಕ್ಯಾಲಿಬರ್ ಗೊತ್ತಿರಬಹುದು. ಅದನ್ನು ಕಟ್ಟಿದ ಕೋವಿದ್ ಗೋಯಲ್, ಬೇಕಾದರೆ ಪೈಥಾನ್ 2ನ್ನು ನಾನೇ ನೋಡಿಕೊಳ್ಳುತ್ತೇನೆ, ಬದಲಿಸುವುದಕ್ಕಿಂತ ಅದೇ ಕಡಿಮೆ ಕೆಲಸ ಅನ್ನುವ ಅಭಿಪ್ರಾಯದವರಾಗಿದ್ದರು. ಕೊನೆಗೆ ಬೇರೆಯವರೂ ಕೈಜೋಡಿಸಿ, ಸೆಪ್ಟೆಂಬರ್ 2020ರಲ್ಲಿ 5.0 ಆವೃತ್ತಿ ಪೈಥಾನ್ 3ಕ್ಕೆ ಬಂತು. ಕ್ಯಾಲಿಬರಿಗೆ ಬೇರೆಯವರು ಬರೆದು ಸೇರಿಸಿದ ಎಷ್ಟೋ ಪ್ಲಗಿನ್‌ಗಳನ್ನೂ ಅದರ ಜೊತೆ ಬದಲಿಸಬೇಕಾಯಿತು. ಮೊದಲೆಲ್ಲ ಅವರದು ಹಟ ಅಂತ ಅನ್ನಿಸುತ್ತಿತ್ತು. ಮಾಮನ ಅಂಗಡಿ ನೋಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಯಾಕೆಂದರೆ ಮಾಮನಿಗೂ ಅವರದೇ ಕಾರಣಗಳಿವೆ. ಆ ಘಟನೆ ಆದ ಮೇಲೆ ಊರಿಗೆ ಹೋದಾಗ ನಾನು ಸ್ವಲ್ಪ ಜೋರಾಗಿಯೇ ಹೇಳಿದೆ, “ಮಾಮ, ಹೊಸ ಕಂಪ್ಯೂಟರ್ ತೆಗೊಳ್ಳಿ. ಇದು ತುಂಬ ಹಳೇದಾಯ್ತು.”

“ಹಳೇದ್ ಅಂದ್ರೆ ಎಂತ? ಓಡ್ತಾ ಇತ್ತ್ ಅಲ್ದಾ?”

ಆಮೇಲೆ ಒಂದೊಂದಾಗಿ ತೋರಿಸಿದರು. ಆ ಪ್ರಿಂಟರಿನ ಡ್ರೈವರ್ ವಿಂಡೋಸ್ 7ರಿಂದ ಮುಂದಕ್ಕೆ ಬಂದಿಲ್ಲ. ಪೇಜ್‌ಮೇಕರಿನಲ್ಲಿ ಇಪ್ಪತ್ತು ವರ್ಷದ ವಿನ್ಯಾಸಗಳಿವೆ, ಯಾವ ಮನೆತನದ ಮದುವೆ ಕಾಗದದಲ್ಲಿ ಯಾವ ದೇವರ ಹೆಸರು ಮೊದಲು ಬರಬೇಕು ಅನ್ನುವುದು ಸಹಿತ. ಇನ್‌ಡಿಸೈನಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಸೀಸನ್ ನವೆಂಬರಿನಿಂದ ಮೇ, ಅಷ್ಟರಲ್ಲಿ ದುಡಿದದ್ದು ವರ್ಷಕ್ಕೆ. “ಇಷ್ಟೆಲ್ಲ ಬದಲ್ ಮಾಡುಕೆ ಒಂದ್ ಮಳೆಗಾಲ ಬೇಕ್ ಮಾಣಿ. ನೀನ್ ಒಂದ್ ಭಾನ್ವಾರ ಮಾಡ್ದೆ.”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ನನ್ನ ಭಯವನ್ನೂ ಹೇಳಿದೆ. ಇಂಟರ್ನೆಟ್ಟಿಗೆ ಸಿಕ್ಕಿಸಿದ ವಿಂಡೋಸ್ 7ಕ್ಕೆ ಯಾರೂ ತೇಪೆ ಹಾಕುತ್ತಿಲ್ಲ. ಗಿರಾಕಿ ಕಳಿಸಿದ ಒಂದು ಕೆಟ್ಟ ಫೈಲ್ ಸಾಕು, ಇಪ್ಪತ್ತು ವರ್ಷದ ಕೆಲಸ ಹೋಗುತ್ತದೆ. ಅದರ ಮೇಲೆ ನಮ್ಮ ಕಡಲ ತೀರದ ಉಪ್ಪು ಗಾಳಿ ಬೇರೆ, ಹಾರ್ಡ್ ಡಿಸ್ಕ್ ಯಾವತ್ತು ಕೈಕೊಡುತ್ತದೆ ಗೊತ್ತಿಲ್ಲ. ಹೋದರೆ ಊರಿನ ನೆನಪೇ ಹೋದ ಹಾಗೆ. ಅದರಲ್ಲಿ ನನ್ನ ಅಜ್ಜನ ಉತ್ತರಕ್ರಿಯೆಯ ಕಾಗದವೂ ಇದೆ.

ಇಬ್ಬರೂ ಸೇರಿ ಒಂದು ಒಪ್ಪಂದಕ್ಕೆ ಬಂದೆವು. ಹಳೇ ಕಂಪ್ಯೂಟರಿನ ಇಂಟರ್ನೆಟ್ ವಯರ್ ತೆಗೆದೆವು. ಟೂಲಿನ 1.4 ಆವೃತ್ತಿಯನ್ನು ಅಲ್ಲೇ ನಿಲ್ಲಿಸಿದೆ, ಐಕಾನಿನಿಂದ ತಾನೇ ಅಪ್‌ಡೇಟ್ ಆಗುವ ಭಾಗ ಕಿತ್ತುಹಾಕಿದೆ. ವಾಟ್ಸಾಪಿನ ಮ್ಯಾಟರ್ ಪೆನ್‌ಡ್ರೈವಿನಲ್ಲಿ ಬರುತ್ತದೆ. ಎರಡು ಭಾನುವಾರ ಕೂತು, ಹಳೇ ಕಡತಗಳ ಬರಹವನ್ನೆಲ್ಲ ಹೊರತೆಗೆದು ಯುನಿಕೋಡಿಗೆ ಬದಲಿಸಿ, ಎರಡು ಬೇರೆ ಬೇರೆ ಡಿಸ್ಕಿಗೆ ಹಾಕಿದೆವು. ಅರ್ಕಾವತ್ತು ಎಡವಿದ ಕಡೆಯೆಲ್ಲ ಮಾಮನೇ ಕಣ್ಣು ಹಾಕಿ ಹಿಡಿದರು. ನನ್ನ ಟೂಲಿನಲ್ಲಿ ಅಂಥ ಒಂಬತ್ತು ತಪ್ಪು ಸಿಕ್ಕವು. 2.0 ಬರೆದಾಗ ನಾನು ಮಾಡಿದ ಪರೀಕ್ಷೆಯಲ್ಲಿ ಒಂದೂ ಸಿಕ್ಕಿರಲಿಲ್ಲ.

ನಿಮಗೂ ಈ ಕೆಲಸ ಬಂದರೆ

ಓದುಗರಲ್ಲಿ ಎಷ್ಟೋ ಜನ ನನ್ನ ಹಾಗೆ ಕೋಡು ಬರೆಯುವವರು. ಆಫೀಸಿನಲ್ಲಿ ಯಾವುದೋ ಹಳೇ ಆವೃತ್ತಿ, ಹಳೇ ಫಾರಂ, ಹಳೇ ಆ್ಯಪ್ ನಿಲ್ಲಿಸುವ ಕೆಲಸ ನಿಮ್ಮ ಪಟ್ಟಿಗೂ ಬರಬಹುದು. ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಆ ಒಂದು ಸಾಲು ಬರೆಯಿರಿ, ಯಾವುದರಲ್ಲಿ ಓಡುತ್ತದೆ ಅಂತ. ಕೋಡು ಬದಲಿಸುವ ಮೊದಲೇ ಬರೆಯಿರಿ.

ಹಳೇದಕ್ಕೆ ಆಗುವ ಕೊನೆಯ ಆವೃತ್ತಿಯನ್ನು ಚೆನ್ನಾಗಿ ಮಾಡಿ ಬಿಡಿ. ಯಾರೋ ಅದರಲ್ಲೇ ವರ್ಷಗಟ್ಟಲೆ ಇರುತ್ತಾರೆ. ನನ್ನ 1.4ಕ್ಕೆ ಆಮೇಲೆ ಆ ಒಂಬತ್ತು ತಪ್ಪು ತಿದ್ದಿ 1.5 ಅಂತ ಹಾಕಿದೆ.

ತಪ್ಪಾಗಿ ಹೋದ ಬಿಡುಗಡೆಯನ್ನು ವಾಪಸು ಪಡೆಯಲು ನಾಚಬೇಡಿ. ಭಂಡಾರದಲ್ಲಿ ಅದಕ್ಕೊಂದು ಗುಂಡಿ ಇದೆ, ಒತ್ತಿದರೆ ಹೊಸಬರಿಗೆ ಅದು ಸಿಗುವುದಿಲ್ಲ. ನಾನು 2.0ನ್ನು ಹಾಗೆ ತೆಗೆದು 2.0.1 ಹಾಕಿದೆ.

ಬದಲಾವಣೆಯ ಟಿಪ್ಪಣಿಯನ್ನು ಬಳಸುವವರ ಭಾಷೆಯಲ್ಲಿ ಬರೆಯಿರಿ. ನನ್ನದು ಈಗ ಕನ್ನಡದಲ್ಲಿದೆ. “ನಿಮ್ಮದು ವಿಂಡೋಸ್ 7 ಆದರೆ 1.5ರಲ್ಲೇ ಇರಿ” ಅಂತ ಮೊದಲ ಸಾಲು.

ಮತ್ತೆ, ಬಳಸುವವರು ಯಾರು ಅಂತ ಗೊತ್ತಿದ್ದರೆ ಒಂದು ಫೋನ್ ಮಾಡಿ. ದೊಡ್ಡ ಕಂಪನಿಗೆ ಇದು ಆಗುವ ಮಾತಲ್ಲ, ಲಕ್ಷಗಟ್ಟಲೆ ಜನ ಇರುತ್ತಾರೆ. ನನ್ನ ಟೂಲನ್ನು ಬಳಸುವವರು ಎಷ್ಟಿದ್ದಾರೋ, ನನಗೆ ಹೆಸರು ಗೊತ್ತಿರುವುದು ನಾಲ್ಕು ಪ್ರೆಸ್ಸಿನವರದು. ನಾಲ್ಕು ಫೋನ್ ಮಾಡುವುದು ಅಂಥ ಭಾರವೇನಲ್ಲ.

ಇಷ್ಟು ಬರೆದ ಮೇಲೆ ಮತ್ತೆ ಮುಂದೂಡುವುದು ಸರಿಯಲ್ಲ ಅಂತ ಇವತ್ತು ಬೆಳಿಗ್ಗೆ ಮಾಮನಿಗೆ ಫೋನ್ ಹಚ್ಚಿದೆ. 3.9ರ ಅವಧಿಯೂ ಅಕ್ಟೋಬರ್ 2025ಕ್ಕೆ ಮುಗಿಯಿತು, ಅದನ್ನೂ ಬಿಡುತ್ತಿದ್ದೇನೆ, ನಿಮ್ಮ ಕಂಪ್ಯೂಟರಿಗೆ ಏನೂ ಆಗುವುದಿಲ್ಲ ಅಂತ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡು, “ಹೊಸ್ತ್ ತಂದೆ ಮಾಣಿ” ಅಂದರು. ಮಳೆಗಾಲದಲ್ಲಿ ಉಡುಪಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದಿದ್ದಾರಂತೆ, ವಿಂಡೋಸ್ 11ರದ್ದು. ವಾಟ್ಸಾಪ್, ಯುನಿಕೋಡ್, ಫೇಸ್‌ಬುಕ್ ಎಲ್ಲ ಅದರಲ್ಲಿ. ಈಗ ಶಾಲೆ ಮುಗಿಸಿ ಬರುವ ಮೊಮ್ಮಗಳು ಅದರಲ್ಲಿ ಟೈಪ್ ಮಾಡಿಕೊಡುತ್ತಾಳಂತೆ.

“ಹಳೇದು?” ಅಂತ ಕೇಳಿದೆ.

“ಅಲ್ಲೇ ಮೂಲೆಯಂಗೆ ಇತ್ತ್. ಓಡ್ತಾ ಇತ್ತ್.”

ಫೋನ್ ಇಟ್ಟು ಆ ಸಂಖ್ಯೆ ಬದಲಿಸಿದೆ.